ನಾಗಲಕ್ಷ್ಮಿಯ ಫ್ಯಾನ್ಸಿ ನಂಬರು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾಗಲಕ್ಷ್ಮಿ ರವಿಕೆ ಹೊಲಿಯಲು ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೋರ್ಡಿಲ್ಲ, ಮದುವೆ ಗೊತ್ತಾದ ಮನೆಯವರಿಗೆ ಬೋರ್ಡು ಬೇಕಾಗಿಯೂ ಇರಲಿಲ್ಲ. ಕೈ ಚೊಕ್ಕ, ಬಾಯಿ ಮಾತ್ರ ಖಾರ. ಅಳತೆಗೆಂದು ಯಾರಾದರೂ ಹಳೆಯ ರವಿಕೆ ತಂದರೆ, "ಇದು ನೀವು ಕಾಲೇಜಿಗೆ ಓಯ್ತಿದ್ದಾಗ ತೊಟ್ಕತ್ತಿದ್ದುದಾ? ಈಗಿನ್ ಮೈಗೆ ಅಳ್ತೆ ಕೊಡಿ" ಎಂದು ನಾಲ್ಕು ಜನರ ಮುಂದೆಯೇ ಅಂದುಬಿಡುತ್ತಿದ್ದಳು. ಆದರೂ ತೋಳು ಕೂಡಿಸುವುದರಲ್ಲಿ ಅವಳ ಹಾಗೆ ಇನ್ನೊಬ್ಬರಿಲ್ಲವೆಂದು ಚನ್ನರಾಯಪಟ್ಟಣದಿಂದಲೂ ಹೆಂಗಸರು ಬರುತ್ತಿದ್ದರು. ಗಂಡ ಸಿದ್ದೇಶ್ವರ ತೆಂಗಿನಕಾಯಿ ಮಂಡಿಯಲ್ಲಿ ಮೇಸ್ತ್ರಿ. ಮಗಳು ತೇಜಶ್ರೀ ಹಾಸನದ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದಳು.

ಎಲ್ಲ ಶುರುವಾದದ್ದು ಫೋನು ಕಳೆದುಹೋದಲ್ಲಿಂದ. ಮಗಳನ್ನು ನೋಡಿಕೊಂಡು ಬರುವಾಗ ಬಸ್ಸಿನ ನೂಕುನುಗ್ಗಲಿನಲ್ಲಿ ಯಾರೋ ಚೀಲದಿಂದ ಎತ್ತಿಕೊಂಡರು. ಫೋನು ಹೋದ ಸಂಕಟ ಒಂದೆರಡು ದಿನದ್ದು. ಆದರೆ ಅದರೊಳಗಿನ ಸಿಮ್ಮು ಅವಳ ಮಾವನ ಹೆಸರಿನಲ್ಲಿತ್ತು, ಮಾವ ತೀರಿಹೋಗಿ ಆರು ವರ್ಷವಾಗಿತ್ತು. ಅದೇ ನಂಬರು ಬೇಕಾದರೆ ಹೆಸರಿದ್ದವರೇ ಬಂದು ಹೆಬ್ಬೆಟ್ಟು ಒತ್ತಬೇಕು ಎಂದಳು ಕಂಪನಿಯ ಕೌಂಟರಿನಲ್ಲಿದ್ದ ಹುಡುಗಿ.

"ಅವ್ರು ತೀರ್ಕೊಂಡವ್ರೆ ಕಣಮ್ಮ."

"ಸರಿ ಮೇಡಂ, ಬಿಡುವಾದಾಗ ಕರ್ಕೊಂಡ್ ಬನ್ನಿ" ಎಂದಳು ಹುಡುಗಿ, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಅಲ್ಲಿಂದ ನಾಗಲಕ್ಷ್ಮಿ ನೇರವಾಗಿ ಬಸ್ ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯ ಶಶಿಕಿರಣ್ ಪರಿಚಯದವನು, ಅವನ ಹೆಂಡತಿಯ ಸೀಮಂತದ ರವಿಕೆ ಇವಳೇ ಹೊಲಿದದ್ದು. ಅವನು ಡಬ್ಬಿಯನ್ನೆಲ್ಲ ತಡಕಾಡಿ ಒಂದು ಹೊಸ ಸಿಮ್ಮು ತೆಗೆದ.

"ನಿಮ್ ಅದೃಷ್ಟ ಕಣಕ್ಕ. ಕೊನೇಲಿ ಮೂರ್ ಏಳು ಬತ್ತದೆ. ಫ್ಯಾನ್ಸಿ ನಂಬರ್ರು. ಒಂದ್ಸಲ ಕೇಳುದ್ರೆ ಯಾರೂ ಮರೆಯಾಕಿಲ್ಲ."

ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದೇ ವಾರ ನಾಗಲಕ್ಷ್ಮಿ ಬ್ಯಾಂಕಿಗೆ, ಗ್ಯಾಸಿನವರಿಗೆ, ರೇಷನ್ ಅಂಗಡಿಗೆ, ಮಗಳ ಕಾಲೇಜಿಗೆ ಎಲ್ಲ ಕಡೆ ಸಾಲಿನಲ್ಲಿ ನಿಂತು ಹೊಸ ನಂಬರು ಬರೆಸಿದಳು. ಗಿರಾಕಿಗಳಿಗೂ ಹೇಳಿದಳು. ನಂಬರಿನ ಬಗ್ಗೆ ಅವಳಿಗೆ ಸಣ್ಣದೊಂದು ಜಂಬವೂ ಬಂದಿತ್ತು.

ಮೊದಲ ಫೋನು ಬಂದದ್ದು ಒಂದು ಬೆಳಿಗ್ಗೆ, ರೇಷ್ಮೆ ಬಟ್ಟೆಯ ಮೇಲೆ ಚಾಕ್‌ಪೀಸಿನಿಂದ ಗೀಟು ಹಾಕುತ್ತಿದ್ದಾಗ. ಗಂಡಸಿನ ದನಿ.

"ಅಲೋ, ಬಾಡಿ ಐತೆ. ಯಾವಾಗ ಬತ್ತೀರಾ?"

ಬಾಡಿ ಎಂದರೆ ಅವಳ ಕಸುಬಿನಲ್ಲಿ ಹೆಂಗಸರು ಒಳಗೆ ತೊಡುವ ಬಟ್ಟೆ. ಗಂಡಸೊಬ್ಬ ಅದನ್ನು ಹೀಗೆ ನಾಚಿಕೆಯಿಲ್ಲದೆ ಕೇಳುತ್ತಾನಲ್ಲ ಎಂದು ಸಿಟ್ಟು ಬಂತು. "ಬಾಡಿಗೀಡಿ ನಾವು ಒಲಿಯಾಕಿಲ್ಲ. ರವಿಕೆ ಮಾತ್ರ" ಎಂದಳು.

ಆ ಮನುಷ್ಯ ತಾಳ್ಮೆಯಿಂದಲೇ ಹೇಳಿದ: "ಒಲಿದೇ ಕೊಟ್ಟವ್ರೆ ಕಣಮ್ಮ. ಪೋಸ್ಟ್‌ಮಾರ್ಟಮ್ ಆಯ್ತು. ಇನ್ನು ಊರಿಗೆ ತಕ್ಕೊಂಡೋಗಾದಷ್ಟೇಯ."

ಚಾಕ್‌ಪೀಸು ಅವಳ ಕೈಯಿಂದ ಬಿತ್ತು.

ಮುಂದಿನ ನಾಲ್ಕೈದು ದಿನಗಳಲ್ಲಿ ಸಂಗತಿ ತಿಳಿಯಾಯಿತು. ಈ ನಂಬರು ಹಿಂದೆ ನಂಜಯ್ಯ ಎಂಬವನದಾಗಿತ್ತು. ಅವನದು ಶವ ಸಾಗಿಸುವ ವ್ಯಾನು. ಹಾಸನದ ಆಸ್ಪತ್ರೆಯೊಂದರ ಹಿಂಗೋಡೆಯ ಮೇಲೆ, ಶವಾಗಾರದ ಗೇಟಿನ ಎದುರಿಗೇ, ಆಳೆತ್ತರದ ಕೆಂಪು ಅಂಕಿಗಳಲ್ಲಿ ಅವನು ಅದನ್ನು ಬರೆಸಿದ್ದ. ಅವನು ಆ ನಂಬರು ಬಿಟ್ಟ ಮೇಲೆ ಕಂಪನಿಯವರು ಕೆಲವು ತಿಂಗಳು ಕಾದು, ಮತ್ತೆ ಮಾರಾಟಕ್ಕೆ ಇಟ್ಟಿದ್ದರು. ಗೋಡೆಯ ಮೇಲಿನದನ್ನು ಅಳಿಸುವವರು ಯಾರೂ ಇರಲಿಲ್ಲ.

ಫೋನುಗಳು ಹೊತ್ತುಗೊತ್ತಿಲ್ಲದೆ ಬಂದವು. ಒಬ್ಬ ಕೊಣನೂರಿಗೆ ಬಾಡಿಗೆ ಚೌಕಾಸಿ ಮಾಡಿದ. ಬರುವಾಗ ಗಾಡಿ ಖಾಲಿ ತಾನೇ, ಅರ್ಧ ಬಿಟ್ಟುಕೊಡಿ ಎಂದ. ಇನ್ನೊಬ್ಬ, ಹೆಣದ ಜೊತೆ ಹನ್ನೆರಡು ಜನ ನೆಂಟರೂ ಹಿಡಿಸುತ್ತಾರಾ ಎಂದು ಕೇಳಿದ. ಮತ್ತೊಬ್ಬ ಮುಂಗಡವಾಗಿಯೇ ಮಾಡಿದ. "ಡಾಕ್ಟ್ರು ಸಾಯಂಕಾಲ ದಾಟಾದು ಕಷ್ಟ ಅಂದವ್ರೆ. ಆಮೇಲೆ ಗಾಡಿ ಸಿಕ್ಕಾಕಿಲ್ಲ, ಈಗ್ಲೇ ಒಂದ್ ಮಾತು ಯೋಳ್ಬುಡಾನ ಅಂತ." ಮಾರನೆಯ ದಿನ ಅವನೇ ಮತ್ತೆ ಮಾಡಿ, "ಕ್ಯಾನ್ಸಲ್ ಮಾಡ್ಕಳಿ ಅಕ್ಕ, ಎದ್ದು ಗಂಜಿ ಕುಡುದ್ರು" ಎಂದ. ದನಿಯಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಿತ್ತು, ಗಾಡಿಯವರಿಗೆ ನಷ್ಟ ಮಾಡಿದೆನಲ್ಲ ಎಂಬಂತೆ.

ನಂಬರು ಬದಲಾಯಿಸೋಣ ಎಂದು ನಾಗಲಕ್ಷ್ಮಿ ಶಶಿಕಿರಣನ ಅಂಗಡಿಗೆ ಹೋದಳು. ಅವನು ತಲೆ ಕೆರೆದುಕೊಂಡ. ಸಿಮ್ಮು ಕೊಡುವುದು ದೊಡ್ಡದಲ್ಲ. ಆದರೆ ಬ್ಯಾಂಕು, ಗ್ಯಾಸು, ಕಾಲೇಜು ಎಲ್ಲವೂ ಈಗ ಇದಕ್ಕೇ ಕಟ್ಟಿಕೊಂಡಿವೆಯಲ್ಲ, ಮೊದಲು ಅವನ್ನು ಬಿಡಿಸಿಕೊಂಡು ಬನ್ನಿ ಎಂದ. ಬ್ಯಾಂಕಿನಲ್ಲಿ ಗುಮಾಸ್ತ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಏನಮ್ಮ, ಹೋದ ವಾರ ತಾನೇ ಬದಲಾಯಿಸಿದ್ದೀರಿ. ವಾರಕ್ಕೊಂದು ನಂಬರು ಅಂದ್ರೆ ಕಂಪ್ಯೂಟರು ಅನುಮಾನ ಪಡುತ್ತೆ. ತೊಂಬತ್ತು ದಿನ ಬಿಟ್ಟು ಬನ್ನಿ."

"ಸಾ, ಈ ನಂಬರ್ಗೆ ಬರೀ ಎಣದ್ ಫೋನೇ ಬತ್ತವೆ."

"ಓಟಿಪಿ ಬರುತ್ತೆ ತಾನೇ?" ಎಂದ ಗುಮಾಸ್ತ.

ಬರುತ್ತಿತ್ತು. ಆದ್ದರಿಂದ ತೊಂದರೆಯೇನೂ ಇಲ್ಲ ಎಂದು ತೀರ್ಮಾನವಾಯಿತು.

ಅವಳ ಬಾಯಿ ಮೊದಲೇ ಖಾರ, ಈಗ ಕಾದ ಎಣ್ಣೆಯಾಯಿತು. ರಾಂಗ್ ನಂಬರ್ ಎಂದು ಹೇಳಿ ಹೇಳಿ ಸಾಕಾಗಿ, ಫೋನು ಎತ್ತುತ್ತಲೇ ಬೈಯತೊಡಗಿದಳು. ಒಂದು ಮಧ್ಯಾಹ್ನ ಅರಕಲಗೂಡಿನ ಕಡೆಯ ಒಬ್ಬಾತ ಒಂದರ ಹಿಂದೊಂದರಂತೆ ಮೂರು ಸಲ ಮಾಡಿದ. ಪ್ರತಿ ಸಲವೂ "ನಂಜಯ್ಯೋರಾ?" ಎಂದೇ ಕೇಳಿದ. ಮೂರನೆಯ ಸಲ ನಾಗಲಕ್ಷ್ಮಿ ಕತ್ತರಿಯನ್ನು ಮೇಜಿಗೆ ಕುಕ್ಕಿ ಕೂಗಿದಳು:

"ಎಷ್ಟ್ ದಪ ಯೋಳ್ಳಿ ನಿಮ್ಗೆ? ಕಣ್ಣು ಕಾಣಾಕಿಲ್ವಾ? ನೋಡಿ ಒತ್ತಾಕೆ ನಿಮ್ಮನೇಲಿ ಓದ್ದೋರು ಒಬ್ರೂ ಇಲ್ವಾ?"

"ಇದ್ದ ಕಣವ್ವ" ಎಂದಿತು ಆ ಕಡೆಯ ದನಿ. ಅದರಲ್ಲಿ ಸಿಟ್ಟಿರಲಿಲ್ಲ. "ಒಬ್ನಿದ್ದ. ಒಂಬತ್ನೇ ಕ್ಲಾಸು. ಅವ್ನೇ ಒತ್ಕೊಡ್ತಿದ್ದ ನಂಗೆ. ಅವನ್ನೇ ಕಣವ್ವ ಈಗ ತಕ್ಕೊಂಡೋಗ್ಬೇಕಾಗಿರಾದು."

ಅವಳು ಬಾಯಿ ತೆರೆಯುವುದರೊಳಗೆ ಅವನೇ, "ತಪ್ಪು ತಿಳ್ಕಬ್ಯಾಡಿ" ಎಂದು ಹೇಳಿ ಫೋನು ಇಟ್ಟ. ಅವಳು ತಿರುಗಿ ಮಾಡಿದಳು. ಅವನು ಎತ್ತಲಿಲ್ಲ. ಸಂಜೆಯವರೆಗೆ ಹತ್ತು ಸಲ ಮಾಡಿದಳು. ಅವತ್ತು ಮಿಷನ್ನಿನ ಮುಂದೆ ಕೂತಿದ್ದಳಷ್ಟೇ, ಕೈಗೆ ಒಂದು ಹೊಲಿಗೆಯೂ ಬರಲಿಲ್ಲ. ಗಂಡನಿಗೆ ಹೇಳಲು ಹೋದಳು. "ನಿಂಗೇನ್ ಗೊತ್ತಿತ್ತೇ, ಬುಡು" ಎಂದ ಅವನು. ಗೊತ್ತಿರಲಿಲ್ಲ ನಿಜ. ಆದರೆ ಆಡಿದ ಮಾತು ಆ ಅರಕಲಗೂಡಿನವನ ಕಿವಿಗೆ ಬಿದ್ದದ್ದೂ ನಿಜ.

ಮಾರನೆಯ ದಿನ ಶಶಿಕಿರಣನನ್ನು ಹಿಡಿದು, ಹಾಸನದಲ್ಲಿ ಅಂಥ ಗಾಡಿ ಓಡಿಸುವ ಬೇರೆ ಮೂವರ ನಂಬರು ವಿಚಾರಿಸಿ ತರಿಸಿದಳು. ಲೈನಿಂಗ್ ಬಟ್ಟೆ ಬರುವ ರಟ್ಟಿನ ಪೆಟ್ಟಿಗೆಯ ಮುಚ್ಚಳ ಹರಿದು, ಅದರ ಮೇಲೆ ದಪ್ಪಗೆ ಬರೆದು ಮಿಷನ್ನಿನ ಪಕ್ಕದ ಮೊಳೆಗೆ ನೇತುಹಾಕಿದಳು. ಅವತ್ತಿನಿಂದ ಯಾರು ಮಾಡಿದರೂ, "ನಂಜಯ್ಯ ಈಗ ಗಾಡಿ ಓಡ್ಸಾಕಿಲ್ಲ, ಈ ನಂಬರ್ ಬರ್ಕಳಿ" ಎಂದು ನಿಧಾನವಾಗಿ, ಎರಡೆರಡು ಸಲ ಹೇಳತೊಡಗಿದಳು. ಬರೆದುಕೊಳ್ಳಲು ಬಾರದವರಿಗೆ, "ಪಕ್ಕದಲ್ಲಿ ಯಾರವ್ರೆ, ಅವ್ರ ಕೈಗೆ ಕೊಡಿ" ಎನ್ನುತ್ತಿದ್ದಳು. ಒಂದು ಫೋನಿಗೆ ಎರಡು ನಿಮಿಷ. ಬೈಯುವುದಕ್ಕೂ ಅಷ್ಟೇ ಹಿಡಿಯುತ್ತಿತ್ತು.

ಇದು ಹೀಗೇ ನಡೆದಿದ್ದರೆ ಹೇಗೋ ಆಗುತ್ತಿತ್ತು. ಆದರೆ ಅವಳ ಅನ್ನ ಹುಟ್ಟುತ್ತಿದ್ದದ್ದು ಮದುವೆ ಮನೆಗಳಿಂದ.

ಮಾಘಮಾಸದ ಮೊದಲ ವಾರ ಪೇಟೆಯ ಅಕ್ಕಿ ವ್ಯಾಪಾರಿಯ ಮನೆಯ ಹುಡುಗಿ ರಂಜಿನಿ, ತನ್ನ ತಾಯಿಯ ಜೊತೆ ಧಾರೆಯ ರವಿಕೆ ತೊಟ್ಟು ನೋಡಲು ಬಂದಿದ್ದಳು. ಒಟ್ಟು ಒಂಬತ್ತು ರವಿಕೆ, ಮೂರು ಮುಗಿದಿದ್ದವು. ನಾಗಲಕ್ಷ್ಮಿ ಹುಡುಗಿಯ ಬೆನ್ನ ಹಿಂದೆ ನಿಂತು ಸೊಂಟಕ್ಕೆ ಪಿನ್ನು ಚುಚ್ಚುತ್ತಿದ್ದಳು. ಬಾಯಲ್ಲೂ ನಾಲ್ಕು ಪಿನ್ನು ಕಚ್ಚಿಕೊಂಡಿದ್ದಳು. ಫೋನು ಬಡಿದುಕೊಂಡಿತು. ಎತ್ತಲು ಕೈ ಬಿಡುವಿಲ್ಲದ್ದು ಕಂಡು, ಸಹಾಯ ಮಾಡೋಣವೆಂದು ರಂಜಿನಿಯೇ ಮೇಜಿನ ಮೇಲಿದ್ದ ಫೋನಿನ ಸ್ಪೀಕರ್ ಒತ್ತಿದಳು.

"ಅಣ್ಣಾ, ಎಣ ಎತ್ತಾಕೆ ಎಷ್ಟೊತ್ಗೆ ಬತ್ತೀರಾ? ವಾಸ್ನೆ ಬರಾಕ್ ಸುರುವಾಗದೆ" ಎಂದಿತು ಫೋನು. ಕೋಣೆಯಿಡೀ ಕೇಳಿಸಿತು.

ರಂಜಿನಿಯ ತಾಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. ನಾಗಲಕ್ಷ್ಮಿ ಬಾಯೊಳಗಿನ ಪಿನ್ನು ಉಗಿದು ವಿವರಿಸಲು ನೋಡಿದಳು. ನಂಬರಿನ ಕತೆ, ಗೋಡೆಯ ಕತೆ, ಬ್ಯಾಂಕಿನ ಕತೆ ಎಲ್ಲ ಹೇಳಿದಳು. ಆಕೆ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸಿಕೊಂಡ ಮೇಲೆ ನೇತುಹಾಕಿದ್ದ ರಟ್ಟಿನ ಕಡೆ ನೋಡಿದರು.

"ನಿನ್ ತಪ್ಪು ಅಂತಲ್ಲ ನಾಗಕ್ಕ. ಆದ್ರೆ ಧಾರೆಗೆ ತೊಡಾ ಬಟ್ಟೆ. ಎಣದ್ ಮಾತು ಕೇಳ್ಕೊಂಡ್ ಒಲಿದುದ್ನ ಎಂಗೆ ತೊಡ್ಸಾದು ಯೋಳು."

ಹೊಲಿದದ್ದು, ಹೊಲಿಯದ್ದು, ಕತ್ತರಿಸಿ ಇಟ್ಟಿದ್ದ ತೋಳುಗಳು, ಎಲ್ಲವನ್ನೂ ಅವರು ಒಂದೇ ಚೀಲಕ್ಕೆ ತುಂಬಿಸಿಕೊಂಡರು. ಹುಡುಗಿ ರವಿಕೆ ಬಿಚ್ಚಿಕೊಡುವಾಗ ಪಿನ್ನೊಂದು ತಾಗಿ ಬೆನ್ನಿನ ಮೇಲೆ ಸಣ್ಣ ರಕ್ತದ ಚುಕ್ಕೆ ಮೂಡಿತು. ಅದನ್ನೂ ತಾಯಿ ನೋಡಿದರು.

ಆ ತಿಂಗಳು ಮುಗಿಯುವುದರೊಳಗೆ ಇಡೀ ಪೇಟೆಗೆ ಸುದ್ದಿಯಾಯಿತು. ಮದುವೆ ರವಿಕೆಗಳು ಒಂದೊಂದಾಗಿ ಹೈಸ್ಕೂಲು ರಸ್ತೆಯ ಹೊಸ ಬುಟೀಕಿಗೆ ಹೋದವು. ಅಲ್ಲಿ ತೋಳು ಸರಿಯಾಗಿ ಕೂರುತ್ತಿರಲಿಲ್ಲ, ಆದರೆ ಫೋನು ಬಂದರೆ ನಾದಸ್ವರ ನುಡಿಯುತ್ತಿತ್ತು. ಮಂಡಿಯಲ್ಲಿ ಸಿದ್ದೇಶ್ವರನನ್ನು ಕೂಲಿಯವರು "ಎಣದ್ ಗಾಡಿ ಸಿದ್ದಣ್ಣ" ಎಂದು ಕರೆಯತೊಡಗಿದರು. ಅವನು ಸಾಧು ಮನುಷ್ಯ. ಆದರೂ ಒಂದು ದಿನ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯದೆ ಹೇಳಿದ:

"ಅಲ್ಲಿ ಗೋಡೆ ಮ್ಯಾಲೆ ಇರಾಗಂಟ ಇದು ನಿಲ್ಲಾಕಿಲ್ಲ. ಓಗಿ ಅಳಿಸ್ಬುಟ್ಟು ಬಾ. ಬಣ್ಣ ನಾನ್ ತಂದ್ಕೊಡ್ತೀನಿ."

ಹೀಗಾಗಿ ನಾಗಲಕ್ಷ್ಮಿ ಒಂದು ಸೋಮವಾರ ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದಳು. ಆಸ್ಪತ್ರೆಯ ಹಿಂದಿನ ರಸ್ತೆ ಹುಡುಕುವುದು ಕಷ್ಟವಾಗಲಿಲ್ಲ. ಗೋಡೆಯ ಮೇಲೆ ಅವಳ ನಂಬರು ಬಿಸಿಲಿಗೆ ಮಾಸದೆ ಕೆಂಪಗೆ ಹೊಳೆಯುತ್ತಿತ್ತು. ಅದರ ಮೇಲ್ಗಡೆ, ಇನ್ನೂ ಹಳೆಯದಾದ ಅಕ್ಷರಗಳಲ್ಲಿ, ಗೋಡೆಯ ಮೇಲೆ ಬರೆಯುವುದು ಶಿಕ್ಷಾರ್ಹ ಅಪರಾಧ ಎಂದಿತ್ತು. ಕೆಳಗೆ ಎರಡು ವ್ಯಾನುಗಳು ನಿಂತಿದ್ದವು. ತಲೆಯ ಮೇಲೆ ಟವೆಲ್ ಹಾಕಿಕೊಂಡ ಒಂದಿಷ್ಟು ಜನ ನೆರಳಿನಲ್ಲಿ ಕೂತಿದ್ದರು.

ಅವಳು ಮೊದಲ ಅಂಕಿಯ ಮೇಲೆ ಬ್ರಷ್ಷು ಎಳೆದಳಷ್ಟೇ. ಖಾಕಿ ತೊಟ್ಟ ಕಾವಲಿನವನು ಸೀಟಿ ಊದುತ್ತ ಬಂದ.

"ಏಯ್, ಯಾರಮ್ಮ ಅದು? ಬೋರ್ಡ್ ಓದಾಕ್ ಬರಾಕಿಲ್ವಾ?"

"ಬರೀತಿಲ್ಲ ಕಣಪ್ಪ, ಅಳಿಸ್ತಿದೀನಿ."

"ಬಣ್ಣ ಅಚ್ಚುದ್ರೆ ಬರ್ದಂಗೇ ಲೆಕ್ಕ. ಬನ್ನಿ ಈ ಕಡೀಕೆ."

ಗೇಟಿನ ಪಕ್ಕದ ಶೆಡ್ಡಿನಲ್ಲಿ ಅವಳನ್ನು ನಿಲ್ಲಿಸಿ ರಿಜಿಸ್ಟರು ತೆರೆದ. ಹೆಸರು ಬರೆದುಕೊಂಡ, ಊರು ಬರೆದುಕೊಂಡ. ಫೋನ್ ನಂಬರು ಕೇಳಿದ. ಅವಳು ಹೇಳಿದಳು. ಬರೆಯುತ್ತ ಬರೆಯುತ್ತ ಅವನ ಕೈ ನಿಧಾನವಾಯಿತು. ಕೊನೆಯ ಮೂರು ಏಳು ಬರೆದು ತಲೆಯೆತ್ತಿ ಗೋಡೆ ನೋಡಿದ, ರಿಜಿಸ್ಟರು ನೋಡಿದ, ಅವಳನ್ನು ನೋಡಿದ.

"ಇದು ನಿಮ್ದೇ ನಂಬರ್ರು! ಅಂಗಾದ್ರೆ ಗೋಡೆ ಮ್ಯಾಲೆ ಬರ್ಸಿರೋರು ನೀವೇಯ."

ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಮೇಲಿನವರು ಎರಡು ವರ್ಷದಿಂದ ಈ ನಂಬರಿನ ಅಸಾಮಿ ಯಾರೆಂದು ಪತ್ತೆ ಮಾಡಲು ಹೇಳಿದ್ದರಂತೆ. ಫೋನು ಮಾಡಿ ನೋಡಿದರಾಗುತ್ತಿತ್ತಲ್ಲ ಎಂದಳು ನಾಗಲಕ್ಷ್ಮಿ. ಅದಕ್ಕೆ ಆದೇಶ ಇರಲಿಲ್ಲ ಎಂದ ಅವನು. ಕೊನೆಗೆ ಒಂದು ಬಿಳಿ ಹಾಳೆಯ ಮೇಲೆ, 'ನನ್ನ ಮೊಬೈಲ್ ಸಂಖ್ಯೆಯನ್ನು ಸಾರ್ವಜನಿಕ ಗೋಡೆಯ ಮೇಲೆ ಬರೆದಿರುವುದಕ್ಕೆ ಕ್ಷಮೆ ಕೋರುತ್ತೇನೆ, ಇನ್ನು ಮುಂದೆ ಬರೆಯುವುದಿಲ್ಲ' ಎಂದು ಬರೆಸಿಕೊಂಡು ಸಹಿ ಹಾಕಿಸಿದ. ಹಾಗಾದರೆ ಈಗ ಅಳಿಸಿ ಹೋಗಲೇ ಎಂದು ಅವಳು ಕೇಳಿದಾಗ, ಅಳಿಸಲು ಬೇರೆ ಅರ್ಜಿ ಕೊಡಬೇಕು, ಸಾಹೇಬರು ರಜದಲ್ಲಿದ್ದಾರೆ ಎಂದ. ಬಣ್ಣದ ಡಬ್ಬಿಯನ್ನು ಸಾಕ್ಷಿಯೆಂದು ಇಟ್ಟುಕೊಂಡ.

ಹೊರಗೆ ಬಂದಾಗ ವ್ಯಾನಿನ ಡ್ರೈವರೊಬ್ಬ ಅವಳಿಗೆ ನೀರಿನ ಬಾಟಲಿ ಚಾಚಿದ. ಅವನ ಹೆಸರು ಮನೋಹರ. ಅವಳ ರಟ್ಟಿನ ಮೇಲಿನ ಮೂವರಲ್ಲಿ ಒಬ್ಬ.

"ನೀವೇನಾ ಅಕ್ಕ ಒಳೆನರಸೀಪುರದ ಟೈಲರಮ್ಮ? ಎಷ್ಟೋ ಜನ ನಿಮ್ಮೆಸ್ರು ಯೋಳ್ಕೊಂಡ್ ಮಾಡವ್ರೆ."

"ಆ ನಂಜಯ್ಯ ಎಲ್ಲವ್ನಪ್ಪ? ಸತ್ನಾ?" ಎಂದಳು ಅವಳು. ಕಾವಲಿನವನ ಮೇಲಿನ ಸಿಟ್ಟೆಲ್ಲ ಆ ಹೆಸರಿಗೆ ತಿರುಗಿತ್ತು.

"ಎಲ್ ಸತ್ನಕ್ಕ. ಕೊಣನೂರ್ತಾವ ಕುರಿ ಸಾಕ್ಕೊಂಡವ್ನೆ. ಅನ್ನೆರ್ಡು ವರ್ಸ ಓಡ್ಸಿದ ಈ ಗಾಡೀನ. ಕೊನೆ ಕೊನೇಗೆ ಫೋನ್ ಬಡ್ಕಂಡ್ರೆ ಸಾಕು, ಉಣ್ತಿದ್ದೋನು ಎದ್ಬುಡೋನು. ಒಂದಿನ ಅಂಗೇ ಸೇತ್ವೆ ಮ್ಯಾಲೆ ಗಾಡಿ ನಿಲ್ಸಿ ಸಿಮ್ಮು ಕಿತ್ತು ಕಾವೇರೀಗೆ ಬಿಸಾಕ್ಬುಟ್ಟನಂತೆ. ಈಗ ಫೋನೇ ಮಡಗಿಲ್ಲ."

ನಾಗಲಕ್ಷ್ಮಿ ಬಾಟಲಿ ಹಿಂದಕ್ಕೆ ಕೊಟ್ಟಳು. ನಂಜಯ್ಯನನ್ನು ಬೈಯಲೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸಿನಲ್ಲಿ ಊರು ಸೇರುವುದರೊಳಗೆ ಇನ್ನೂ ಎರಡು ಫೋನು ಬಂದವು. ಅವಳು ಬಿಳಿ ಬಣ್ಣ ಮೆತ್ತಿದ ಕೈಯಲ್ಲೇ ಎತ್ತಿ ಮನೋಹರನ ನಂಬರು ಹೇಳಿದಳು. ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು.

ಬ್ಯಾಂಕಿನವರ ತೊಂಬತ್ತು ದಿನ ಮುಗಿಯಿತು. ಸಿದ್ದೇಶ್ವರ ನೆನಪಿಸಿದ. ಅವಳು ಒಂದು ಸಲ ಹೋದಳು, ಸರ್ವರ್ ಇರಲಿಲ್ಲ. ಆಮೇಲೆ ಹೋಗಲಿಲ್ಲ. ಯಾಕೆ ಎಂದು ಗಂಡ ಕೇಳಿದರೆ, "ಓದ್ ಗಿರಾಕಿ ಓದ್ರು, ಇನ್ ನಂಬರ್ ಬದ್ಲಾಯ್ಸುದ್ರೆ ತಿರ್ಗಾ ಬಂದ್ಬುಡ್ತಾರಾ?" ಎನ್ನುತ್ತಿದ್ದಳು. ಅದೂ ನಿಜವೇ. ಮದುವೆಯ ಬಟ್ಟೆ ಅವಳ ಕೋಣೆಗೆ ಮತ್ತೆ ಬರಲಿಲ್ಲ. ಸೀರೆಗೆ ಫಾಲ್ಸು, ಸ್ಕೂಲ್ ಯೂನಿಫಾರ್ಮು, ನೈಟಿ, ಪ್ಯಾಂಟಿನ ಜಿಪ್ಪು, ಇಷ್ಟೇ ಉಳಿದವು. ಬೆರಳಿನ ನಯ ಬೇಡುವ ಕೆಲಸ ಯಾವುದೂ ಅಲ್ಲ. ತೇಜಶ್ರೀ ರಜಕ್ಕೆ ಬಂದಾಗಲೆಲ್ಲ ಅಮ್ಮನ ಫೋನನ್ನು ದಿಂಬಿನ ಕೆಳಗೆ ಮುಚ್ಚಿಡುತ್ತಿದ್ದಳು.

ಮುಂದಿನ ಆಷಾಢದಲ್ಲಿ ಒಂದು ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ಒಬ್ಬ ಹೆಂಗಸು ಮಾಡಿದಳು. ಎಳೆಯ ದನಿ. ಹೆಸರು ಶೋಭಿತಾ, ಕೊರವಂಗಲದವಳು. ಅತ್ತೆ ಒಂದು ಗಂಟೆಯ ಹಿಂದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಗಂಡ ಲಾರಿ ಡ್ರೈವರ್, ಹುಬ್ಬಳ್ಳಿಯ ಆಚೆ ಇದ್ದಾನೆ, ಹೊರಟಿದ್ದಾನೆ. ನಾಗಲಕ್ಷ್ಮಿ ಎಂದಿನಂತೆ ಮನೋಹರನ ನಂಬರು ಎರಡು ಸಲ ಹೇಳಿದಳು. ಐದು ನಿಮಿಷ ಬಿಟ್ಟು ಮತ್ತೆ ಅದೇ ದನಿ.

"ಅಕ್ಕ, ಅವ್ರು ಸಿಕ್ಕುದ್ರು. ಮುಕ್ಕಾಲ್ ಗಂಟೆ ಆಯ್ತದಂತೆ."

"ಸರಿ ಮಗ. ಬತ್ತಾನೆ, ಒಳ್ಳೆಯೋನು."

"ಅಕ್ಕ..." ಎಂದು ಅವಳು ತಡೆದಳು. "ಒಸಿ ಒತ್ತು ಫೋನ್ ಮಡಗ್ಬೇಡಿ. ಇಲ್ ನಾನೊಬ್ಳೇ ಅತ್ತೆ ಜೊತೇಲಿ ಇವ್ನಿ. ಏನೂ ಮಾತಾಡ್ಬೇಡಿ, ಸುಮ್ಕಿದ್ರೆ ಸಾಕು."

ನಾಗಲಕ್ಷ್ಮಿ ಫೋನನ್ನು ಮಿಷನ್ನಿನ ಹಲಗೆಯ ಮೇಲೆ ಇಟ್ಟಳು. ಏನು ಮಾಡಬೇಕೆಂದು ತಿಳಿಯದೆ ಪೆಡಲು ತುಳಿಯತೊಡಗಿದಳು.

"ಅದೇನಕ್ಕ ಸದ್ದು?"

"ಮಿಸನ್ನು. ನಿಲ್ಸ್ಲಾ?"

"ಬ್ಯಾಡ. ಒಲೀರಿ."

ಅವಳು ಹೊಲಿದಳು. ಯಾರದೋ ಮಗುವಿನ ಯೂನಿಫಾರ್ಮಿನ ನೀಲಿ ಅಂಗಿ. ಆ ಕಡೆಯಿಂದ ಒಮ್ಮೊಮ್ಮೆ ಮೂಗೆಳೆಯುವ ಸದ್ದು, ಯಾರೋ ನಡೆದುಹೋಗುವ ಸದ್ದು, ಟ್ರಾಲಿಯ ಗಾಲಿಯ ಸದ್ದು ಕೇಳುತ್ತಿತ್ತು. ನಡುವೆ ಒಂದು ಸಲ ಶೋಭಿತಾ, "ನಮ್ಮತ್ತೆ ನಂಗೆ ಬೈಯದೆ ಒಂದಿನ ಇದ್ದೋರಲ್ಲ" ಎಂದಳು. ನಾಗಲಕ್ಷ್ಮಿ "ಹೂಂ" ಎಂದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಫಾಲ್ಸು ಹೊಲಿಸಲು ಬಂದ ಗಿರಾಕಿಯೊಬ್ಬಳು ಬಾಗಿಲಲ್ಲಿ ನಿಂತಳು, ನಾಗಲಕ್ಷ್ಮಿ ತುಟಿಯ ಮೇಲೆ ಬೆರಳಿಟ್ಟು ನಾಳೆ ಬಾ ಎಂದು ಕೈಸನ್ನೆ ಮಾಡಿದಳು. ಆಕೆ ಮುಖ ಗಂಟಿಕ್ಕಿಕೊಂಡು ಹೋದಳು. ನಾಳೆ ಬರುವವಳ ಹಾಗೆ ಕಾಣಲಿಲ್ಲ.

ಐವತ್ತು ನಿಮಿಷದ ಮೇಲೆ ಆ ಕಡೆ ಬಾಗಿಲು ತೆರೆದ ಸದ್ದಾಯಿತು. ಮನೋಹರನ ದನಿ, "ಒಸಿ ಆ ಕಡೆ ಇಡ್ಕಳವ್ವ" ಎಂದದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ಹೋಗಿಬರುತ್ತೇನೆ ಎಂಬ ಮಾತೂ ಇರಲಿಲ್ಲ.

ನಾಗಲಕ್ಷ್ಮಿ ಅಂಗಿಯನ್ನು ಮಿಷನ್ನಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಬಲದ ತೋಳನ್ನು ಎಡಕ್ಕೂ ಎಡದ ತೋಳನ್ನು ಬಲಕ್ಕೂ ಕೂಡಿಸಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈ ಹೀಗೆ ತಪ್ಪಿದ್ದಿಲ್ಲ. ಅವಳು ಕನ್ನಡಕ ಏರಿಸಿಕೊಂಡು, ಹೊಸಿಲ ಮೇಲೆ ಕೂತು, ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.